ಸೊನ್ನೆ ಅಡಿಯ ದಿನಗಳು

ನಿಮ್ಮ ಮನೆ ಮುಂದಿನ ಫುಟ್‌ಪಾತ್ ಮೇಲೆ, ರಸ್ತೆಯ ಡಾಂಬರಿನ ಮೇಲೆ ಯಾರೋ ಸ್ಪ್ರೇ ಪೇಂಟಿನಲ್ಲಿ ಗೆರೆ ಎಳೆದು ಹೋಗಿರೋದನ್ನ ನೋಡಿರ್ತೀರಿ. ನೀಲಿ, ಕೆಂಪು, ಹಳದಿ, ಕಿತ್ತಳೆ. ಅಮೆರಿಕಕ್ಕೆ ಬಂದ ಮೊದಲ ಎರಡು ವರ್ಷ ನಾನು ಅದನ್ನ ಯಾವುದೋ ಹುಡುಗರ ಕಿತಾಪತಿ ಅಂದ್ಕೊಂಡಿದ್ದೆ. ಆಮೇಲೆ ಆ ಗೆರೆಗಳನ್ನ ಓದೋದೇ ನನ್ನ ಕೆಲಸದ ಒಂದು ಭಾಗವಾಯ್ತು. ಈ ಕಥೆ ಅರ್ಥ ಆಗಬೇಕಾದ್ರೆ ನಿಮಗೂ ಅವು ಸ್ವಲ್ಪ ಗೊತ್ತಿರಬೇಕು, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನೀಲಿ ಅಂದ್ರೆ ಕುಡಿಯುವ ನೀರು. ಹಸಿರು ಒಳಚರಂಡಿ. ಕೆಂಪು ಕರೆಂಟು. ಕಿತ್ತಳೆ ಅಂದ್ರೆ ಟೆಲಿಫೋನ್, ಕೇಬಲ್, ಇಂಟರ್ನೆಟ್. ನೇರಳೆ ಬಣ್ಣ ಶುದ್ಧ ಮಾಡಿ ಮತ್ತೆ ಬಳಸೋ ನೀರಿನದ್ದು. ಬಿಳಿ ಗೆರೆ ಮಾತ್ರ ಅಗೆಯುವವರು ತಾವೇ ಹಾಕೋದು, "ನಾವು ಇಲ್ಲಿ ಅಗೀತೀವಿ" ಅಂತ. ಇನ್ನು ಹಳದಿ: ಗ್ಯಾಸು, ಪೆಟ್ರೋಲು. ಹಳದಿ ಗೆರೆ ಕಂಡರೆ ಎಂಥ ಮಾತುಗಾರನೂ ಸ್ವಲ್ಪ ಹೊತ್ತು ಸುಮ್ಮನಾಗ್ತಾನೆ.

ಇಲ್ಲಿ ನೆಲ ಅಗೆಯುವ ಮುಂಚೆ 811 ನಂಬರಿಗೆ ತಿಳಿಸಬೇಕು. ತಿಳಿಸಿದ ದಿನ ಬಿಟ್ಟು ಕನಿಷ್ಠ ಎರಡು ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ನೀರಿನವರು, ಗ್ಯಾಸಿನವರು, ಕರೆಂಟಿನವರು ಬಂದು ತಮ್ಮ ತಮ್ಮ ಬಣ್ಣದಲ್ಲಿ ಗುರುತು ಹಾಕಿ ಹೋಗ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ಗುರುತಿನ ಎರಡೂ ಬದಿಗೆ 24 ಇಂಚಿನೊಳಗೆ ಕೈ ಹತಾರದಲ್ಲೇ ಅಗೆದು, ಪೈಪನ್ನ ಕಣ್ಣಾರೆ ನೋಡಬೇಕು. ಅದಾದ ಮೇಲೆಯೇ ಯಂತ್ರದ ಮಾತು.

ಈ ಪದ್ಧತಿ ಸುಮ್ಮನೆ ಬಂದದ್ದಲ್ಲ. 1976ರ ಜೂನ್ 16ರಂದು ಲಾಸ್ ಏಂಜಲೀಸ್‌ನ ವೆನಿಸ್ ಬುಲೆವಾರ್ಡ್ ಅಗಲ ಮಾಡ್ತಿದ್ದಾಗ, ಅಗೆಯುವ ಯಂತ್ರ ನೆಲದಡಿಯ ಪೆಟ್ರೋಲ್ ಪೈಪಿಗೆ ತಗುಲಿತು. ಪೆಟ್ರೋಲ್ ಚಿಮ್ಮಿ, ಬೆಂಕಿ ಹತ್ತಿ 9 ಜನ ಸತ್ತರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅಗೆಯುವವರಿಗೂ ಪೈಪಿನ ಮಾಲೀಕರಿಗೂ ನಡುವೆ ಸುದ್ದಿ ಮುಟ್ಟಿಸೋ ಡಿಗ್‌ಅಲರ್ಟ್ ಶುರುವಾದದ್ದು ಅದೇ ವರ್ಷ. ಇಡೀ ದೇಶಕ್ಕೆ 811 ಅನ್ನೋ ಒಂದೇ ನಂಬರು ಬಂದದ್ದು 2007ರಲ್ಲಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದ್ರೆ, ನಾನು ಒಂದಷ್ಟು ಕಾಲ ಫೈಬರ್ ಕೇಬಲ್ ಹಾಕೋ ಕ್ರೂಗಳ ಮೇಲ್ವಿಚಾರಣೆ ಮಾಡಿದೆ. ಮೊದಲು ಲಾಸ್ ಏಂಜಲೀಸ್‌ನಲ್ಲಿ, ಆಮೇಲೆ ಸ್ಯಾನ್ ಡಿಯಾಗೋದಲ್ಲಿ. ಓದಿದ್ದು ಡೇಟಾ ಸೈನ್ಸು. ಸೇರಿದ್ದೂ ಆ ಕೆಲಸಕ್ಕೇ. ಯಾವ ಕ್ರೂ ದಿನಕ್ಕೆ ಎಷ್ಟು ಅಡಿ ಕೆಲಸ ಮುಗಿಸುತ್ತೆ, ಯಾವ ಬಡಾವಣೆ ಯಾವ ತಿಂಗಳಲ್ಲಿ ಮುಗಿಯುತ್ತೆ ಅಂತ ಅಂದಾಜು ಮಾಡೋ ಮಾಡೆಲ್ ಕಟ್ಟೋದು ನನ್ನ ಪಾಲಿನ ಕೆಲಸ. ಮಾಡೆಲ್ ಚೆನ್ನಾಗೇ ಇತ್ತು. ಆದರೆ ಹೇಳಿದ ತಿಂಗಳಿಗೆ ಯಾವ ಬಡಾವಣೆಯೂ ಮುಗೀತಿರಲಿಲ್ಲ. ಕೊನೆಗೆ ನಮ್ಮ ಮ್ಯಾನೇಜರ್, "ಲ್ಯಾಪ್‌ಟಾಪ್ ಮುಚ್ಚಿ, ಹೋಗಿ ರಸ್ತೆಯಲ್ಲಿ ನಿಂತು ನೋಡು" ಅಂದರು. ಅದೇ ಸಮಯಕ್ಕೆ ಒಬ್ಬ ಸೂಪರ್‌ವೈಸರ್ ಕೆಲಸ ಬಿಟ್ಟರು. ಎರಡು ವಾರಕ್ಕೆ ಅಂತ ಹೋದವನು ಹಾರ್ಡ್ ಹ್ಯಾಟ್ ಹಾಕ್ಕೊಂಡು ಅಲ್ಲೇ ಉಳಿದೆ.

ಸೂಪರ್‌ವೈಸರ್ ಅಂದ್ರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲೋನು ಅಂತ ನಾನೂ ಅಂದ್ಕೊಂಡಿದ್ದೆ. ನಿಜವಾಗಿ ಮಾಡೋದು ಇದು: ಬೆಳಿಗ್ಗೆ ಐದೂವರೆಗೆ ಟ್ರಕ್ ಹತ್ತಿರ ಎಲ್ಲರನ್ನೂ ಸೇರಿಸಿ, ಇವತ್ತು ಎಲ್ಲಿ ಅಪಾಯ ಇದೆ ಅಂತ ಹೇಳೋದು. 811 ಟಿಕೆಟ್ಟಿನ 28 ದಿನದ ಅವಧಿ ಮುಗಿದಿಲ್ಲ ತಾನೇ ಅಂತ ನೋಡೋದು. ರಸ್ತೆ ಪರ್ಮಿಟ್ಟು, ನೀರಿನ ಡ್ರಮ್ಮು, ನೆರಳಿನ ಟೆಂಟು ನೋಡ್ಕೊಳ್ಳೋದು. ಲಾಸ್ ಏಂಜಲೀಸ್‌ನ ದೊಡ್ಡ ರಸ್ತೆಗಳಲ್ಲಿ ಬೆಳಿಗ್ಗೆ 6ರಿಂದ 9, ಮಧ್ಯಾಹ್ನ 3:30ರಿಂದ 7 ಟ್ರಾಫಿಕ್ ಹೊತ್ತು, ಆಗ ಲೇನ್ ಮುಚ್ಚೋ ಹಾಗಿಲ್ಲ. ಅಲ್ಲಿಗೆ ಇಡೀ ದಿನದಲ್ಲಿ ಕೈಗೆ ಸಿಗೋದು ಆರೂವರೆ ಗಂಟೆ. ಸಂಜೆ ಎಷ್ಟು ಅಡಿ ಆಯ್ತು ಅಂತ ಬರೆದು ಸಹಿ ಹಾಕೋದು. ಆ ಸಹಿ ನನ್ನದು.

ಫೈಬರ್ ಹೋಗೋ ದಾರಿ ಮಾಡೋದಕ್ಕೆ ಈಗ ಎಲ್ಲ ಕಡೆ ಚರಂಡಿ ತೋಡಿದ ಹಾಗೆ ತೋಡೋದಿಲ್ಲ. ಒಂದು ಕಡೆ ಗುಂಡಿ ಮಾಡಿ, ಅಲ್ಲಿಂದ ಉದ್ದನೆಯ ಡ್ರಿಲ್ಲನ್ನ ನೆಲದೊಳಗೆ ಅಡ್ಡಡ್ಡ ಓಡಿಸ್ತಾರೆ. ಡ್ರಿಲ್ಲಿನ ತಲೆಯೊಳಗೆ ಸಿಗ್ನಲ್ ಕಳಿಸೋ ಸಣ್ಣ ಯಂತ್ರ ಇರುತ್ತೆ. ಮೇಲೆ ಒಬ್ಬ ರಿಸೀವರ್ ಹಿಡಿದು ನಡೀತಾ, ತಲೆ ಈಗ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಕೂಗಿ ಹೇಳ್ತಾನೆ. ಆ ಕಡೆಯ ಗುಂಡಿಯಲ್ಲಿ ಡ್ರಿಲ್ ಹೊರಬಂದ ಮೇಲೆ ಅದರ ತುದಿಗೆ ಪೈಪು ಕಟ್ಟಿ ವಾಪಸ್ ಎಳೀತಾರೆ. ಗಾಜಿನ ಎಳೆ ಆಮೇಲೆ ಆ ಪೈಪಿನೊಳಗೆ ಹೋಗುತ್ತೆ. ಗಮನಿಸಿ: ಡ್ರಿಲ್ಲಿಗೆ ಕಣ್ಣಿಲ್ಲ. ತಾನು ಎಲ್ಲಿದ್ದೀನಿ ಅಂತ ಅದು ಹೇಳುತ್ತೆ, ತನ್ನ ಮುಂದೆ ಏನಿದೆ ಅಂತ ಹೇಳೋದಿಲ್ಲ.

ನನಗೆ ಸಿಕ್ಕ ಡ್ರಿಲ್ ಕ್ರೂನ ಮುಖ್ಯಸ್ಥ ಮೆಕ್ಸಿಕೋದ ಒವಹಾಕ ಕಡೆಯವರು, ಐವತ್ತು ದಾಟಿದವರು. ಹುಡುಗರು ಅವರನ್ನ "ಮಾಎಸ್ತ್ರೋ" ಅಂತ ಕರೀತಿದ್ದರು. ಕೇಳಿದ ಕೂಡಲೇ ನನ್ನ ಕಿವಿಗೆ ಅದು "ಮೇಸ್ತ್ರಿ" ಅಂತಲೇ ಬಿತ್ತು. ಆಮೇಲೆ ನೋಡಿದರೆ ಎರಡೂ ಒಂದೇ ಬೇರು. ನಮ್ಮ ಮೇಸ್ತ್ರಿ ಪೋರ್ಚುಗೀಸರ "ಮೆಸ್ತ್ರೆ"ಯಿಂದ ಬಂದದ್ದು, ಅವರ ಮಾಎಸ್ತ್ರೋ ಸ್ಪ್ಯಾನಿಷ್; ಎರಡಕ್ಕೂ ತಾಯಿ ಲ್ಯಾಟಿನ್. ಒಂದೇ ಪದ ಒಂದು ಹಡಗಿನಲ್ಲಿ ನಮ್ಮ ಕರಾವಳಿಗೆ ಇಳೀತು, ಇನ್ನೊಂದು ಹಡಗಿನಲ್ಲಿ ಮೆಕ್ಸಿಕೋಗೆ. ಅವತ್ತಿನಿಂದ ನಾನು ಅವರನ್ನ ಮೇಸ್ತ್ರಿ ಅಂತಲೇ ಕರೆದೆ. ಅವರು ನನ್ನನ್ನ "ಇಂಹೆ" ಅಂತಿದ್ದರು. ಇಂಜಿನಿಯರ್ ಅನ್ನೋದನ್ನ ಅಲ್ಲಿಯವರು ಹಾಗೆ ಚಿಕ್ಕದು ಮಾಡ್ತಾರೆ.

ಮೇಸ್ತ್ರಿ ಅನ್ನೋ ಪದದ ಜೊತೆಗೆ ನನಗೆ ಬೆಂಗಳೂರಿನ ನಮ್ಮ ಬೀದಿಯೂ ನೆನಪಾಗ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿ ಕೇಬಲ್ ಹಾಕೋಕೆ ನೆಲ ಅಗೆದಿದ್ದರು. ಅಗೆದವರು ರಾಯಚೂರು ಕಡೆಯಿಂದ ಗುಳೆ ಬಂದವರು. ಗುಳೆ ಅಂದ್ರೆ, ಊರಲ್ಲಿ ಮಳೆ ಬೆಳೆ ಇಲ್ಲದೆ ಮನೆಮಂದಿ ಸಮೇತ ಕೂಲಿ ಹುಡುಕ್ಕೊಂಡು ಹೊರಡೋದು. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಒಬ್ಬೊಬ್ಬರಿಗೆ ಇಷ್ಟಿಷ್ಟು ಮೀಟರ್ ಅಂತ ಹಂಚಿಕೊಡೋನು. ಎಷ್ಟು ಉದ್ದ ಅಗೆದರೆ ಅಷ್ಟು ಕೂಲಿ. "ಅಕ್ಕಾ, ಕುಡಿಯಾಕ ನೀರು ಕೊಡ್ರೀ" ಅಂತ ನಮ್ಮ ಗೇಟಿಗೆ ಬರ್ತಿದ್ದ ಒಬ್ಬಾತನ ಹಾರೆ ಒಂದು ದಿನ ನೀರಿನ ಪೈಪಿಗೆ ತಗುಲಿ ಬೀದಿ ತುಂಬ ಕಾವೇರಿ ನೀರು ಹರಿದುಬಿಡ್ತು. ಇಡೀ ಬೀದಿ ಅವನನ್ನ ಬೈತು. ಮೇಸ್ತ್ರಿ ಅವತ್ತಿನ ಕೂಲಿ ಮುರ್ಕೊಂಡ. ಅಲ್ಲಿ ಪೈಪಿದೆ ಅಂತ ಅವನಿಗೆ ಹೇಳಿದವರು ಯಾರು? ರಸ್ತೆ ಮೇಲೆ ಒಂದೂ ಬಣ್ಣದ ಗೆರೆ ಇರಲಿಲ್ಲ. ಅಗೆಯುವ ಮುಂಚೆ ತಿಳಿಸೋಕೆ ಭಾರತದಲ್ಲಿ ಒಂದು ಸರ್ಕಾರಿ ಆ್ಯಪ್ ಬಂದದ್ದು 2023ರ ಮಾರ್ಚ್‌ನಲ್ಲಿ. ಹೇಳದೆ ಕೇಳದೆ ಅಗೆದು ಪೈಪು, ಕೇಬಲ್ ಕಡಿಯೋದರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು.

ಇಲ್ಲಿ ಬಣ್ಣ ಇದೆ, ಕಾನೂನಿದೆ, ಟಿಕೆಟ್ಟಿದೆ. ಹಾಗಾಗಿ ಇಲ್ಲಿ ಆ ಥರ ಆಗಲ್ಲ ಅಂತ ನಾನು ನಂಬಿದ್ದೆ. ಆ ನಂಬಿಕೆ ಮುರಿದದ್ದು ಸ್ಯಾನ್ ಫರ್ನಾಂಡೋ ವ್ಯಾಲಿಯ ರಿಸೀಡಾದಲ್ಲಿ, ಒಂದು ಮಂಗಳವಾರ.

ಅವತ್ತು 320 ಅಡಿ ಒಂದೇ ಓಟಕ್ಕೆ ಡ್ರಿಲ್ ಹೋಗಬೇಕಿತ್ತು. ಗುರುತು ಇದ್ದ ಕಡೆಯೆಲ್ಲ ಸಣ್ಣ ಗುಂಡಿ ತೋಡಿ ಪೈಪು ನೋಡಿಯಾಗಿತ್ತು. ಹನ್ನೊಂದು ಗಂಟೆ. ಮಷೀನು ಶುರು ಮಾಡೋದೊಂದೇ ಬಾಕಿ. ಮೇಸ್ತ್ರಿ ಮಾತ್ರ ಒಂದು ಮನೆ ಮುಂದೆ ನಿಂತು ಡಾಂಬರನ್ನೇ ನೋಡ್ತಿದ್ದರು.

"ಇಂಹೆ, ಈ ಹಳದಿ ಗೆರೆ ನನಗೆ ಸರಿ ಕಾಣ್ತಿಲ್ಲ" ಅಂದರು.

"ಯಾಕೆ? ಟಿಕೆಟ್ ಸರಿಯಾಗಿದೆ. ಗೆರೆ ಇರೋ ಕಡೆ ಪೈಪನ್ನೂ ನೋಡಿದೀವಲ್ಲ."

"ನೋಡಿದ್ದು ಪಕ್ಕದ ಮನೆ ಪೈಪು. ಈ ಮನೆಯ ಮೀಟರ್ ಎಡಗಡೆ ಇದೆ. ಇದರ ಗ್ಯಾಸ್ ಎಲ್ಲಿಂದ ಬರುತ್ತೆ? ಆ ತೇಪೆ ನೋಡಿ."

ಡಾಂಬರಿನಲ್ಲಿ ಒಂದು ಕೈಯಗಲದ ಹಳೇ ತೇಪೆ ರಸ್ತೆಗೆ ಅಡ್ಡಲಾಗಿ ಹೋಗಿತ್ತು. ಬಿಸಿಲಿಗೆ ಬಣ್ಣ ಮಾಸಿ, ಪಕ್ಕದ ಡಾಂಬರಿಗೂ ಅದಕ್ಕೂ ವ್ಯತ್ಯಾಸ ಗೊತ್ತೇ ಆಗ್ತಿರಲಿಲ್ಲ. ನಾನು ಗಡಿಯಾರ ನೋಡ್ಕೊಂಡೆ. ಮೂರೂವರೆಗೆ ರಸ್ತೆ ಬಿಡಬೇಕು. ಈಗ ಶುರು ಮಾಡದಿದ್ದರೆ ಇವತ್ತು ಆಗೋದಿಲ್ಲ.

ಇಲ್ಲಿ ನಾನು ಆಡಿದ ಮಾತನ್ನ ನಿಮ್ಮ ಹತ್ತಿರ ಮುಚ್ಚಿಡಲ್ಲ. "ಕಾನೂನು ಕೇಳಿದ್ದನ್ನ ನಾವು ಮಾಡಿದೀವಿ. ಶುರು ಮಾಡಿ" ಅಂದೆ.

ಮೇಸ್ತ್ರಿ ವಾದ ಮಾಡಲಿಲ್ಲ. ಮಷೀನಿನ ಕೀ ತೆಗೆದು ಜೇಬಿಗೆ ಹಾಕ್ಕೊಂಡರು. ಟ್ರಕ್ಕಿನಿಂದ ಸಲಿಕೆ ತಗೊಂಡರು. ಹುಡುಗರು ತೇಪೆಯ ಮೇಲೆ ಡಾಂಬರು ಕತ್ತರಿಸಿಕೊಟ್ಟರು. ಅವರೇ ಮಂಡಿಯೂರಿ ಇಂಚಿಂಚಾಗಿ ಮಣ್ಣು ತೆಗೆದರು. ಸುಮಾರು ಮೂರಡಿ ಆಳದಲ್ಲಿ ಹಳದಿ ಪ್ಲಾಸ್ಟಿಕ್ ಪೈಪು ಕಾಣಿಸ್ತು. ನಮ್ಮ ಡ್ರಿಲ್ ಹೋಗಬೇಕಿದ್ದ ಆಳವೂ ಅದೇ.

ಗುರುತು ಹಾಕಿದವನದ್ದೂ ತಪ್ಪು ಅನ್ನೋಕಾಗಲ್ಲ. ಪ್ಲಾಸ್ಟಿಕ್ ಪೈಪು ಮೇಲಿನಿಂದ ಹುಡುಕೋ ಯಂತ್ರಕ್ಕೆ ಸಿಗೋದಿಲ್ಲ. ಅದಕ್ಕೇ ಪೈಪಿನ ಜೊತೆಗೆ ಒಂದು ತಂತಿ ಹೂತಿರ್ತಾರೆ, ಯಂತ್ರ ಕೇಳಿಸ್ಕೊಳ್ಳೋದು ಆ ತಂತಿಯನ್ನ. ಯಾವಾಗಲೋ ತಂತಿ ತುಂಡಾಗಿದ್ದರೆ ಅಲ್ಲಿ ಪೈಪು ಇದ್ದೂ ಇಲ್ಲದ ಹಾಗೆ. ಇಲ್ಲಿ ಆಗಿದ್ದೂ ಅದೇ. ಗ್ಯಾಸಿನವರು ಬಂದು, ಹುಡುಕಿ, ಹೊಸದಾಗಿ ಗುರುತು ಹಾಕೋ ಹೊತ್ತಿಗೆ ಮೂರು ಗಂಟೆ. ಕೋನ್‌ಗಳನ್ನ ಎತ್ತಿಟ್ಟು ರಸ್ತೆ ಬಿಟ್ಟೆವು. ಆ ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದು, "ಇವತ್ತೂ ಮುಗಿಯಲಿಲ್ವಾ?" ಅಂತ ಸ್ವಲ್ಪ ಬೇಜಾರಿನಲ್ಲೇ ಕೇಳಿದರು.

ರಿಪೋರ್ಟಿನಲ್ಲಿ ಬರೆದೆ: ಇವತ್ತಿನ ಕೆಲಸ, ಸೊನ್ನೆ ಅಡಿ.

ಆ ಸೊನ್ನೆ ಬರೀವಾಗಲೇ ಏನೋ ಚುಚ್ಚಿತು. ರಾತ್ರಿ ಮನೆಗೆ ಬಂದು ನನ್ನದೇ ಮಾಡೆಲ್ ತೆರೆದು ನೋಡಿದೆ. ಡೇಟಾ ಶುಚಿ ಮಾಡೋ ಜಾಗದಲ್ಲಿ ಒಂದು ಸಾಲು ಕೋಡ್ ಇತ್ತು: ಅಡಿ ಸೊನ್ನೆ ಇದ್ದರೆ ಆ ದಿನವನ್ನ ತೆಗೆದುಹಾಕು. ಬರೆದವನು ನಾನೇ. ಸೊನ್ನೆ ಅಂದ್ರೆ ರಜೆ ಇರಬೇಕು, ಮಳೆ ಇರಬೇಕು, ಯಾರೋ ತುಂಬೋದು ಮರೆತಿರಬೇಕು ಅಂದ್ಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಲೆಕ್ಕ ಸುಲಭ. ಒಂದು ಕ್ರೂ ನಾಲ್ಕು ದಿನ 300 ಅಡಿ ಮಾಡಿ ಐದನೇ ದಿನ ಸೊನ್ನೆ ಮಾಡಿದರೆ ದಿನಕ್ಕೆ ಸರಾಸರಿ 240. ಆ ಸೊನ್ನೆಯನ್ನ ತೆಗೆದರೆ 300. ನಾನು ಮೇಲಿನವರಿಗೆ ಕೊಟ್ಟಿದ್ದು 300. ಅವರು ಕೆಲಸ ಒಪ್ಪಿಕೊಂಡಿದ್ದು 300ರ ಮೇಲೆ. ಬೆಳಿಗ್ಗೆ ಬೋರ್ಡಿನ ಮೇಲೆ ಗುರಿ ಅಂತ ಬರೀತಿದ್ದದ್ದೂ ಅದನ್ನೇ. ಹನ್ನೊಂದು ಗಂಟೆಗೆ ನನ್ನನ್ನ ಗಡಿಯಾರ ನೋಡೋ ಹಾಗೆ ಮಾಡಿದ್ದು ನನ್ನದೇ ಅಂಕಿ.

ತೆಗೆದುಹಾಕಿದ ದಿನಗಳನ್ನ ಒಂದೊಂದಾಗಿ ನೋಡಿದೆ. ಪಕ್ಕದಲ್ಲಿ ಟಿಪ್ಪಣಿಯ ಕಾಲಮ್ ಇತ್ತು, ನನ್ನ ಮಾಡೆಲ್ ಅದನ್ನ ಓದಿಯೇ ಇರಲಿಲ್ಲ. ಎಲ್ಲ ಸ್ಪ್ಯಾನಿಷ್‌ನಲ್ಲಿ, ಒಂದೊಂದೇ ಪದ. "ಅಗ್ವಾ", ನೀರು. "ರೋಕಾ", ಬಂಡೆ. "ಕಲೋರ್", ಬಿಸಿಲು. ಕೆಲವು ಕಡೆ "ಗ್ಯಾಸ್" ಅಂತ ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ನಾನು ಕಸ ಅಂತ ಗುಡಿಸಿ ಹಾಕಿದ್ದ ದಿನಗಳಲ್ಲಿ ಎಷ್ಟೋ ದಿನ ಹೀಗೇ ಯಾರೋ ಒಬ್ಬರು ಅನುಮಾನ ಬಂದು ಕೀ ಜೇಬಿಗೆ ಹಾಕ್ಕೊಂಡಿದ್ದರು. ಆಗಿದ್ದಕ್ಕೆ ನಮ್ಮ ಡೇಟಾದಲ್ಲಿ ಕಾಲಮ್ ಇತ್ತು. ಆಗದೇ ಹೋದದ್ದಕ್ಕೆ ಎಲ್ಲೂ ಜಾಗ ಇರಲಿಲ್ಲ.

ಮರುದಿನ ಇನ್ನೊಂದು ವಿಷಯ ಗೊತ್ತಾಯ್ತು. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಮೇಸ್ತ್ರಿ ನಮ್ಮ ಕಂಪನಿಯ ಸಂಬಳದವರಲ್ಲ, ಸಣ್ಣ ಸಬ್‌ಕಂಟ್ರ್ಯಾಕ್ಟರು. ಅವರಿಗೆ ಹಣ ಬರೋದು ಅಡಿ ಲೆಕ್ಕದಲ್ಲಿ. ಅವರ ಹುಡುಗರಿಗೆ ಮಾತ್ರ ಅವರು ಗಂಟೆ ಲೆಕ್ಕದಲ್ಲಿ ಕೊಡಬೇಕು. ತುಂಡು ಲೆಕ್ಕದ ಕೂಲಿಯವರಿಗೂ ವಿಶ್ರಾಂತಿಗೆ, ಕಾಯೋ ಹೊತ್ತಿಗೆ ಬೇರೆ ಕೂಲಿ ಕೊಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕಾನೂನಿದೆ. ಆದರೆ ಅದು ಕೆಲಸಗಾರರಿಗೆ. ಸ್ವಂತ ಟ್ರಕ್ಕು, ಸ್ವಂತ ಮಷೀನಿನ ಮೇಸ್ತ್ರಿಗೆ ಆ ರಕ್ಷಣೆ ಇಲ್ಲ. ಅಂದ್ರೆ ಆ ಮಂಗಳವಾರ ಮೂರು ಜನರ ಕೂಲಿ, ಡೀಸೆಲ್ಲು, ಮಷೀನಿನ ಕಂತು ಎಲ್ಲ ಅವರ ಜೇಬಿನಿಂದ ಹೋಯ್ತು. ಬಂದದ್ದು ಸೊನ್ನೆ. ನನ್ನ ಸಂಬಳದಲ್ಲಿ ಒಂದು ಡಾಲರೂ ಕಡಿಮೆಯಾಗಲಿಲ್ಲ.

ಬೆಂಗಳೂರಿನ ನಮ್ಮ ಬೀದಿಯಲ್ಲಿ ಪೈಪು ಒಡೆದವನ ಕೂಲಿ ಮುರಿದಿದ್ದರು. ಇಲ್ಲಿ ಪೈಪು ಉಳಿಸಿದವರ ಕೂಲಿ ಮುರಿದಿದ್ದೆವು.

ಸೊನ್ನೆಗಳನ್ನ ವಾಪಸ್ ಸೇರಿಸಿ ಹೊಸ ಲೆಕ್ಕ ಮಾಡಿ ಮ್ಯಾನೇಜರ್ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ನೋಡಿ, "ಈ ಕರಾರು ಮುಗಿದ ಮಾತು. ಮುಂದಿನದಕ್ಕೆ ನೋಡೋಣ" ಅಂದರು. ಆ ಮಂಗಳವಾರದ ಹಣ ಮೇಸ್ತ್ರಿಗೆ ಬರಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಭುಜ ತಟ್ಟಿ, "ಇಂಹೆ, ನೀವು ಕಂಪ್ಯೂಟರ್‌ನಲ್ಲಿ ನೋಡ್ತೀರಿ, ನಾನು ನೆಲದಲ್ಲಿ ನೋಡ್ತೀನಿ. ಅಷ್ಟೇ" ಅಂದರು. ಅದು ಸಮಾಧಾನವೋ ಬೈಗುಳವೋ ನನಗೆ ಇವತ್ತಿಗೂ ತಿಳೀಲಿಲ್ಲ.

ಮುಂದಿನ ಕರಾರು ಸ್ಯಾನ್ ಡಿಯಾಗೋದ್ದು. ರಾಜ್ಯ ಸರ್ಕಾರ 2021ರಲ್ಲಿ ಎಸ್‌ಬಿ 156 ಕಾಯ್ದೆ ಮಾಡಿ, ಹೆದ್ದಾರಿಗಳ ಉದ್ದಕ್ಕೂ ಫೈಬರ್ ಹಾಕೋಕೆ 325 ಕೋಟಿ ಡಾಲರ್ ಇಟ್ಟಿತ್ತು. ಆ ಜಾಲದ ಮೊದಲ ಕೆಲಸ 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದೂ ಸ್ಯಾನ್ ಡಿಯಾಗೋ ಕೌಂಟಿಯಲ್ಲೇ, ಪೋವೇ ಹತ್ತಿರ. ನಮ್ಮದು ಅದಲ್ಲ, ಬಡಾವಣೆಗಳೊಳಗಿನ ಸಣ್ಣ ಕೆಲಸ. ಆದರೆ ಎಲ್ಲ ಕಡೆ ಭಾಷೆ ಒಂದೇ: ಎಷ್ಟು ಮೈಲಿ, ಎಷ್ಟು ಅಡಿ, ಯಾವಾಗ.

ಮೇಸ್ತ್ರಿಗೆ ಫೋನ್ ಮಾಡಿ, ಬರ್ತೀರಾ ಅಂತ ಕೇಳಿದೆ. ಅಡಿಗೆ ಎಷ್ಟು ಕೊಡ್ತೀರಿ ಅಂತ ಮೊದಲು ಕೇಳ್ತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು, "ಸೊನ್ನೆಗೆ ಎಷ್ಟು?"

ಅಷ್ಟರಲ್ಲಿ ಆ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ಉತ್ತರ ಇತ್ತು. ಗುರುತಿಲ್ಲದ ಪೈಪು ಸಿಕ್ಕಿ ಅಥವಾ ಅನುಮಾನ ಬಂದು ಕೆಲಸ ನಿಂತರೆ ಗಂಟೆ ಲೆಕ್ಕದಲ್ಲಿ ಹಣ. ಬಿಸಿಲಿಗೆ ನಿಂತರೂ ಹಣ. ಬಿಸಿಲಿನದ್ದು ಅಲ್ಲಿ ಸಣ್ಣ ಮಾತಲ್ಲ. ಸಮುದ್ರದ ದಡದಲ್ಲಿ ಮಂಜು ಕವಿದು ಜಾಕೆಟ್ ಹಾಕ್ಕೋಬೇಕು ಅನ್ನಿಸೋ ಹೊತ್ತಿನಲ್ಲೇ ಒಳನಾಡಿನ ಎಲ್ ಕಹೋನ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ. 80 ದಾಟಿದರೆ ನೆರಳು ಕಟ್ಟಿರಲೇಬೇಕು, 95 ಮುಟ್ಟಿದರೆ ಇನ್ನೂ ಕಟ್ಟುನಿಟ್ಟು, ಒಬ್ಬೊಬ್ಬರಿಗೆ ಗಂಟೆಗೆ ಸುಮಾರು ಒಂದು ಲೀಟರ್ ನೀರು. ಇದು ರಾಜ್ಯದ ನಿಯಮ. ಅಡಿ ಲೆಕ್ಕದವರು ನೆರಳಲ್ಲಿ ಕೂತರೆ ಕೂತಷ್ಟು ಹೊತ್ತೂ ನಷ್ಟ. ನಿಲ್ಲಿಸಿದ್ದಕ್ಕೆ ಹಣ ಬರುತ್ತೆ ಅಂತಾದಾಗ ಹುಡುಗರು ತಾವಾಗಿ ಟೆಂಟಿನ ಕೆಳಗೆ ಹೋಗಿ ಕೂತದ್ದನ್ನ ನೋಡಿದೆ.

ಕಲ್ಲಿಗೆ ಮಾತ್ರ ಹಣ ಬರೆಸೋಕೆ ಆಗಲಿಲ್ಲ. ಟಿಯೆರಾಸಾಂಟಾ ಕಡೆ ನೆಲದ ಕೆಳಗೆ ದುಂಡು ದುಂಡಾದ ಕಲ್ಲುಗಳ ಪದರವೇ ಇದೆ. ಡ್ರಿಲ್ಲಿನ ತಲೆ ಅದಕ್ಕೆ ತಗುಲಿ ಜಾರಿ, ಹೋಗೋ ದಿಕ್ಕು ಬಿಟ್ಟು ಬೇರೆ ಕಡೆ ತಿರುಗುತ್ತೆ. ಅಲ್ಲಿ ಮೂರು ದಿನ ಸಾಲಾಗಿ ಸೊನ್ನೆ. ಅದರ ನಷ್ಟ ಮತ್ತೆ ಮೇಸ್ತ್ರಿಯ ಮೇಲೇ ಬಿತ್ತು. ಮೂರನೇ ದಿನ ಸಂಜೆ ಅವರು ಒಂದು ಕಲ್ಲನ್ನ ತಂದು ನನ್ನ ಕೈಗೆ ಕೊಟ್ಟರು. ತೆಂಗಿನಕಾಯಿ ಗಾತ್ರ, ನುಣ್ಣಗಿತ್ತು. "ಇದನ್ನ ಕಂಪ್ಯೂಟರ್ ಪಕ್ಕ ಇಟ್ಕೊಳ್ಳಿ" ಅಂದರು.

ಒಂದು ವಿಚಿತ್ರ ಹೇಳ್ತೀನಿ. ಇಷ್ಟೆಲ್ಲ ಆದ ಮೇಲೆ ಆ ಪೈಪಿನೊಳಗೆ ಹೋಗೋ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಹತ್ತಿರ ಹತ್ತಿರ ಒಂದು ಕೂದಲೆಳೆ. ಬೆಳಕು ಓಡೋದು ಅದರ ನಡುವಿನ ಸುಮಾರು 9 ಮೈಕ್ರಾನ್‌ನಲ್ಲಿ. ಎಲ್ಲಾದರೂ ಎಳೆ ತುಂಡಾದರೆ ಒಂದು ಕಡೆಯಿಂದ ಬೆಳಕು ಬಿಟ್ಟು, ಅದು ಮರಳಿ ಬರೋ ಹೊತ್ತನ್ನ ಅಳೆದು, ಇಷ್ಟು ದೂರದಲ್ಲಿ ತುಂಡಾಗಿದೆ ಅಂತ ಯಂತ್ರ ಹೇಳಿಬಿಡುತ್ತೆ. ಗಾಜು ತನಗೆಲ್ಲಿ ನೋವು ಅಂತ ತಾನೇ ಹೇಳುತ್ತೆ. ನೆಲ ಹೇಳೋದಿಲ್ಲ. ಅದಕ್ಕೆ ಒಬ್ಬರು ಮಂಡಿಯೂರಿ ನೋಡಬೇಕು.

ಈಗ ನಾನು ಮತ್ತೆ ಮೇಜಿನ ಮುಂದೆ ಕೂತು ಮಾಡೋ ಕೆಲಸದಲ್ಲಿದ್ದೀನಿ. ಕಲ್ಲು ನನ್ನ ಮೇಜಿನ ಮೇಲಿದೆ. ಸೊನ್ನೆ ತೆಗೆದುಹಾಕೋ ಸಾಲು ಈಗ ಕೋಡ್‌ನಲ್ಲಿ ಇಲ್ಲ, ಟಿಪ್ಪಣಿಯ ಕಾಲಮ್ಮನ್ನ ಮೊದಲು ಓದ್ತೀನಿ, ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳ್ತೀನಿ. ನಿಮ್ಮ ಬೀದಿಯಲ್ಲಿ ಕೋನ್‌ಗಳನ್ನಿಟ್ಟು, ಮಷೀನು ನಿಲ್ಲಿಸಿ, ನಾಲ್ಕು ಜನ ಒಂದು ಗುಂಡಿಯ ಸುತ್ತ ಸುಮ್ಮನೆ ಕೂತಿರೋದು ಕಂಡರೆ, ನಿಮ್ಮ ಕಾರಿನಲ್ಲಿ ಹಿಂದೆ ಕೂತ ಮಕ್ಕಳು "ಅವರು ಯಾಕೆ ಕೆಲಸ ಮಾಡ್ತಿಲ್ಲ?" ಅಂತ ಕೇಳಬಹುದು. ಮಾಡ್ತಿದ್ದಾರೆ ಅಂತ ಹೇಳಿ. ಮುಂದಿನ ಕರಾರಿನ ಮಾತುಕತೆ ಇನ್ನೆರಡು ತಿಂಗಳಿಗೆ ಇದೆ. ಪಟ್ಟಿಯಲ್ಲಿ ಮೊದಲನೆಯದು ಕಲ್ಲು.